ಪಾಠದ ಭಾಷೆಗೆ ಓಟು: ಕ್ಯಾಲಿಫೋರ್ನಿಯಾದ ಪ್ರೊಪೊಸಿಷನ್ 227

ಸಾಕಷ್ಟು ಸಹಿ ಸಂಗ್ರಹಿಸಿದರೆ ಕ್ಯಾಲಿಫೋರ್ನಿಯಾದಲ್ಲಿ ಯಾವುದೇ ಕಾನೂನನ್ನು ನೇರವಾಗಿ ಜನರ ಓಟಿಗೇ ಹಾಕಬಹುದು. 1998ರ ಜೂನ್ 2ರಂದು ಹಾಗೆ ಓಟಿಗೆ ಬಂದದ್ದು ಮಕ್ಕಳ ಪಾಠದ ಭಾಷೆ. ಹೀಗೆ ಓಟಿಗೆ ಬರುವ ಪ್ರಸ್ತಾವಕ್ಕೆ ಅಲ್ಲಿ ಪ್ರೊಪೊಸಿಷನ್ ಅನ್ನುತ್ತಾರೆ; ಇದರ ಸಂಖ್ಯೆ 227. ಸರ್ಕಾರಿ ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲೇ ಆಗಲಿ ಎಂದು ಶೇ 61ರಷ್ಟು ಮತದಾರರು ಹೇಳಿದರು.

ಜಗಳ ಅದಕ್ಕಿಂತ ಹಳೆಯದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮೂಲದ ಮಕ್ಕಳು ಏನೂ ಅರ್ಥವಾಗದೆ ಕ್ಲಾಸಿನಲ್ಲಿ ಸುಮ್ನೆ ಕೂತಿರುತ್ತಿದ್ದರು. 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಮೇಷ್ಟ್ರನ್ನು ಕೊಟ್ಟ ಮಾತ್ರಕ್ಕೆ ಸಮಾನತೆ ಆಗಲ್ಲ ಎಂದಿತು. ಆದರೆ ಹೇಗೆ ಕಲಿಸಬೇಕು ಅಂತ ಹೇಳಲಿಲ್ಲ. ಮನೆಮಾತಿನಲ್ಲಿ ಪಾಠ ಮಾಡುತ್ತಾ ಇಂಗ್ಲಿಷ್ ಕಲಿಸುವ ದ್ವಿಭಾಷಾ ತರಗತಿಗಳು ಆಮೇಲೆ ಹೆಚ್ಚಾದವು. ಅವಕ್ಕೆ ತರಬೇತಿ ಇದ್ದ ಶಿಕ್ಷಕರು ಮಾತ್ರ ಸಾಲಲಿಲ್ಲ.

1996ರಲ್ಲಿ ಲಾಸ್ ಏಂಜಲೀಸ್‌ನ ನೈನ್ತ್ ಸ್ಟ್ರೀಟ್ ಶಾಲೆಗೆ ಹಲವು ಅಪ್ಪ ಅಮ್ಮಂದಿರು ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸಿದರು. ಹೆಚ್ಚಿನವರು ಗಾರ್ಮೆಂಟ್ಸ್‌ನಲ್ಲಿ ದುಡಿಯುವ, ಸ್ಪ್ಯಾನಿಷ್ ಮಾತಾಡುವ ವಲಸಿಗರು. ನಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಅನ್ನುವುದೊಂದೇ ಅವರ ಬೇಡಿಕೆ. ನ್ಯಾಯವಾದ ಬೇಡಿಕೆಯೇ, ಅಲ್ವಾ? ಸಾಫ್ಟ್‌ವೇರ್ ಉದ್ಯಮಿ ರಾನ್ ಉನ್ಜ್ ಇದನ್ನೇ ಮುಂದಿಟ್ಟುಕೊಂಡು ಪ್ರೊಪೊಸಿಷನ್ 227 ತಂದರು.

ಅದರ ಒಳಗಿದ್ದದ್ದು ಮಾತ್ರ ಬೇರೆ. ಇಂಗ್ಲಿಷ್ ಬಾರದ ಮಗುವಿಗೆ ಸಾಮಾನ್ಯವಾಗಿ ಒಂದು ವರ್ಷ ವಿಶೇಷ ಇಂಗ್ಲಿಷ್ ತರಗತಿ, ಆಮೇಲೆ ಎಲ್ಲರ ಜೊತೆ. ಮನೆಮಾತಿನ ತರಗತಿ ಬೇಕಿದ್ದರೆ ಪೋಷಕರು ಪ್ರತಿ ವರ್ಷ ಶಾಲೆಗೆ ಖುದ್ದಾಗಿ ಹೋಗಿ ಅರ್ಜಿ ಕೊಡಬೇಕು. ಹತ್ತು ವರ್ಷ ತುಂಬದ ಮಗುವಾದರೆ ಮೊದಲು 30 ದಿನ ಇಂಗ್ಲಿಷ್ ಕ್ಲಾಸಿನಲ್ಲೇ ಕೂರಬೇಕು. ಬೇಕಂತಲೇ ಪದೇ ಪದೇ ಕಾನೂನು ಮೀರಿದ ಶಿಕ್ಷಕರ ಮೇಲೆ ಪೋಷಕರು ಕೇಸು ಹಾಕಬಹುದು. ಇಂಗ್ಲಿಷ್ ಕಲಿಸಿ ಅಂತ ಕೇಳಿದವರಿಗೆ ಸಿಕ್ಕಿದ್ದು ನಿರ್ಬಂಧ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಫಲ ಏನಾಯಿತು? ರಾಜ್ಯವೇ ಮಾಡಿಸಿದ ಐದು ವರ್ಷದ ಅಧ್ಯಯನ 2006ರಲ್ಲಿ ಹೊರಬಂತು. ಒಂದು ವಿಧಾನ ಇನ್ನೊಂದಕ್ಕಿಂತ ಮೇಲು ಅನ್ನಲು ಅದರಲ್ಲಿ ಗಟ್ಟಿ ಪುರಾವೆ ಸಿಗಲಿಲ್ಲ.

ಅಷ್ಟರಲ್ಲಿ ಅರಿಜೋನಾ (2000) ಮತ್ತು ಮ್ಯಾಸಚೂಸೆಟ್ಸ್ (2002) ಇದೇ ದಾರಿ ಹಿಡಿದಿದ್ದವು. ಕೊಲರಾಡೊ ಮತದಾರರು 2002ರಲ್ಲಿ ಬೇಡ ಅಂದರು. 2016ರಲ್ಲಿ ಕ್ಯಾಲಿಫೋರ್ನಿಯಾವೇ ಪ್ರೊಪೊಸಿಷನ್ 58ರ ಮೂಲಕ ಹಳೆಯ ನಿರ್ಬಂಧವನ್ನು ಬಹುಪಾಲು ತೆಗೆದುಹಾಕಿತು. ಪರವಾಗಿ ಬಿದ್ದದ್ದು ಶೇ 73ಕ್ಕೂ ಜಾಸ್ತಿ ಓಟು. ಆ ಹೊತ್ತಿಗೆ ಇಂಗ್ಲಿಷ್ ಮನೆಮಾತಿನ ಪೋಷಕರೂ ಎರಡು ಭಾಷೆಯ ತರಗತಿ ಬೇಕು ಅನ್ನುತ್ತಿದ್ದರು. ಮರುವರ್ಷ ಮ್ಯಾಸಚೂಸೆಟ್ಸ್ ಕೂಡ ಕಾನೂನು ಸಡಿಲಿಸಿತು. ಅರಿಜೋನಾದಲ್ಲಿ ತಕರಾರು ಮುಗಿಯಲಿಲ್ಲ: ಎರಡು ಭಾಷೆಯ ತರಗತಿ ನಡೆಸುವ ಶಾಲಾ ಆಡಳಿತಗಳ ವಿರುದ್ಧ ರಾಜ್ಯದ ಶಿಕ್ಷಣ ಮುಖ್ಯಸ್ಥ ಟಾಮ್ ಹಾರ್ನ್ 2023ರಲ್ಲಿ ಕೋರ್ಟ್ ಮೆಟ್ಟಿಲೇರಿದರು.