ಕಡಲಲ್ಲೇ ಇದ್ದೂ ಬೋಟಿನ ಇಂಜಿನ್ ಹೀಟ್ ಆಗುವುದೇಕೆ?

ಫೆಬ್ರವರಿ, ಮಾರ್ಚಿನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಡೀಸೆಲ್ ಪಂಪ್‌ಸೆಟ್ ಹೀಟ್ ಆಗುವುದು ಹೊಸದೇನಲ್ಲ. ಆಗ ಯಾರಾದರೂ ಒಬ್ಬರು "ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ಸರಿಹೋಗುತ್ತೆ" ಅನ್ನುತ್ತಾರೆ. ಇಂಜಿನ್ ಸಾಕಷ್ಟು ಬಿಸಿಯಾದ ಮೇಲಷ್ಟೇ ಒಳಗಿನ ನೀರನ್ನು ತಣಿಯಲು ಬಿಡುವ ವಾಲ್ವ್ ಅದು. ಈ ಸಲಹೆ ಎಷ್ಟು ತಪ್ಪು ಅಂತ ತಿಳಿಯಲು ಘಟ್ಟ ಇಳಿದು ಬೋಟಿನ ಇಂಜಿನ್ ನೋಡಬೇಕು. ಸುತ್ತ ಅಷ್ಟು ನೀರಿದ್ದೂ ಅದು ಕಾದು ನಿಲ್ಲುತ್ತದೆ!

ಟ್ರ್ಯಾಕ್ಟರಿನ ಶಾಖವನ್ನು ರೇಡಿಯೇಟರ್ ಗಾಳಿಗೆ ಬಿಡುತ್ತದೆ. ಅನೇಕ ಬೋಟುಗಳಲ್ಲಿ ಆ ಕೆಲಸ ಹೀಟ್ ಎಕ್ಸ್‌ಚೇಂಜರಿನದು. ಸಣ್ಣ ಕೊಳವೆಗಳ ಒಳಗೆ ಸಮುದ್ರದ ನೀರು, ಹೊರಗೆ ಕೂಲಂಟ್, ಅಂದರೆ ಇಂಜಿನ್ನಿನೊಳಗೆ ಸುತ್ತುತ್ತಾ ಅದನ್ನು ತಣಿಸುವ ದ್ರವ. ಎರಡೂ ಬೆರೆಯುವುದಿಲ್ಲ. ಕೆಲಸ ಮುಗಿಸಿದ ಸಮುದ್ರದ ನೀರು ಎಕ್ಸಾಸ್ಟ್ ಹೊಗೆಯ ಜೊತೆ ಹೊರಗೆ ಬೀಳುತ್ತದೆ.

ಹಾಗಾಗಿ ಮೊದಲು ನೋಡಬೇಕಾದ್ದು ಎಕ್ಸಾಸ್ಟನ್ನೇ. ನೀರು ಕಡಿಮೆ, ಬಿಳಿ ಆವಿ ಜಾಸ್ತಿ ಅಂದರೆ ನೀರು ಬರುವ ದಾರಿಯಲ್ಲೇ ತೊಂದರೆ. ತಳದ ವಾಲ್ವ್ ಮುಚ್ಚಿರಬಹುದು, ಜಾಲರಿಗೆ ಪ್ಲಾಸ್ಟಿಕ್ ಸಿಕ್ಕಿರಬಹುದು, ಪಂಪಿನೊಳಗೆ ತಿರುಗುತ್ತಾ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಹರಿದಿರಬಹುದು. ಹರಿದ ಎಸಳುಗಳನ್ನು ಎಣಿಸಿ, ಕಾಣೆಯಾದ ಚೂರುಗಳನ್ನು ಹುಡುಕಲೇಬೇಕು. ಅವು ಮುಂದೆ ಹೋಗಿ ಎಕ್ಸ್‌ಚೇಂಜರಿನ ಬಾಯಿಗೆ ಸಿಕ್ಕಿಕೊಂಡಿರುತ್ತವೆ. ಎಕ್ಸ್‌ಚೇಂಜರಿಗೆ ಹೋಗುವ ಮತ್ತು ಅಲ್ಲಿಂದ ಬರುವ ಸಮುದ್ರದ ನೀರಿನ ಶಾಖವನ್ನೂ ಅಳೆಯಿರಿ. ಬರುವ ನೀರು ವಿಪರೀತ ಬಿಸಿ ಇದ್ದರೆ ಹರಿವು ಸಾಲದು. ಇಂಜಿನ್ ಕುದಿಯುತ್ತಿದ್ದರೂ ಆ ನೀರು ತಣ್ಣಗೇ ಇದ್ದರೆ ಶಾಖ ಕೊಳವೆ ದಾಟುತ್ತಿಲ್ಲ, ಇಲ್ಲವೇ ಕೂಲಂಟ್ ಓಡುತ್ತಿಲ್ಲ. ಎಷ್ಟು ಸರಳ ಪರೀಕ್ಷೆ, ಅಲ್ವಾ? ಬಿಸಿ ಇರುವಾಗ ಕೂಲಂಟ್ ಮುಚ್ಚಳ ಮಾತ್ರ ತೆಗೆಯಬೇಡಿ, ಮೈಮೇಲೆ ಚಿಮ್ಮುತ್ತದೆ.

ಶಾಖ ಏಕೆ ದಾಟುವುದಿಲ್ಲ? "ಉಪ್ಪು ಕಟ್ಟಿದೆ" ಅನ್ನುವುದು ಸುಲಭ. ಆದರೆ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಅಡುಗೆ ಉಪ್ಪು ಲೀಟರ್ ನೀರಿನಲ್ಲಿ 350 ಗ್ರಾಂಗೂ ಜಾಸ್ತಿ ಕರಗಬಲ್ಲದು. ನೀರು ಹರಿಯುತ್ತಿರುವಾಗ ಅದು ಗಟ್ಟಿಯಾಗಲು ಕಾರಣವೇ ಇಲ್ಲ. ಕಟ್ಟುವುದು ಕ್ಯಾಲ್ಸಿಯಂ ಲವಣಗಳು, ಅಂದರೆ ಸುಣ್ಣದ ಜಾತಿಯವು. ಇವುಗಳ ಗುಣವೇ ಉಲ್ಟಾ: ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತವೆ. ಹಾಗಾಗಿ ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಹೋಗಿ ಕೂರುತ್ತವೆ. ಅರಸೀಕೆರೆ ಕಡೆ ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗಿನ ಬಿಳಿ ಪದರ ನೋಡಿದ್ದೀರಲ್ವಾ? ಇದೂ ಅದೇ. ಪದರ ಕಟ್ಟಿದರೆ ಶಾಖ ದಾಟುವುದಿಲ್ಲ, ಇಂಜಿನ್ ಇನ್ನೂ ಕಾಯುತ್ತದೆ, ಪದರ ಇನ್ನೂ ದಪ್ಪವಾಗುತ್ತದೆ.

ಎಕ್ಸ್‌ಚೇಂಜರಿನಲ್ಲಿ ಸತುವಿನ ಕಡ್ಡಿಯೊಂದನ್ನೂ ಇಟ್ಟಿರುತ್ತಾರೆ. ಇದರ ಕಥೆ ಸೊಗಸಾಗಿದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊಡೆದ ತಾಮ್ರದ ತಗಡು ಸವೆಯುತ್ತಿತ್ತು. ಅದಕ್ಕೆ ಸತು ಅಥವಾ ಕಬ್ಬಿಣ ಜೋಡಿಸಿದರೆ ಅದೇ ಮೊದಲು ಸವೆದು ತಾಮ್ರವನ್ನು ಉಳಿಸುತ್ತದೆ ಅಂತ 1824ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ತೋರಿಸಿದರು. ತಾಮ್ರವೇನೋ ಉಳಿಯಿತು. ಆದರೆ ತಳಕ್ಕೆ ಚಿಪ್ಪು ಜೀವಿಗಳು, ಪಾಚಿ ಮೆತ್ತಿಕೊಂಡವು. ಕರಗುವ ತಾಮ್ರವೇ ಅವುಗಳಿಗೆ ವಿಷವಾಗಿತ್ತು! ಇವತ್ತು ಈ ಕಡ್ಡಿ ಬೇಕೇ ಬೇಕು, ಆದರೆ ಸವೆದು ಮುರಿದ ಚೂರುಗಳೂ ಕೊಳವೆಗೆ ಅಡ್ಡ ಬರುತ್ತವೆ. ಅವನ್ನೂ ತೆಗೆಯಬೇಕು.

ಇನ್ನು ಥರ್ಮೋಸ್ಟಾಟ್. ಸಮುದ್ರದ ನೀರನ್ನೇ ನೇರವಾಗಿ ಒಳಗೆ ಹರಿಸುವ ಇಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ತೆರೆಯುತ್ತದೆ. ಕೂಲಂಟ್ ಇರುವಲ್ಲಿ ಸುಮಾರು 80. ಸುಣ್ಣ ಕಟ್ಟದಿರಲಿ ಅಂತಲೇ ಈ ವ್ಯತ್ಯಾಸ. ಅನೇಕ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿ, ಅಂದರೆ ನೀರು ತಣಿಯಲು ಹೋಗದೆ ನೇರ ಇಂಜಿನ್ನಿಗೇ ಮರಳುವ ದಾರಿ, ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿ ನೀರು ತಣಿಯದೆ ವಾಪಸ್ ಬರುತ್ತದೆ. ಬೇರೆ ಇಂಜಿನ್‌ಗಳು ತೀರಾ ತಣ್ಣಗೆ ಓಡಿ, ಡೀಸೆಲ್ ಪೂರ್ತಿ ಉರಿಯದೆ ಸಿಲಿಂಡರ್ ಸವೆಯುತ್ತದೆ. ಅನುಮಾನ ಇದ್ದರೆ ಥರ್ಮೋಸ್ಟಾಟನ್ನು ಪಾತ್ರೆಯ ನೀರಿಗೆ ಹಾಕಿ ಕಾಯಿಸಿ. ಅದರ ಮೇಲೆ ಬರೆದಿರುವ ಡಿಗ್ರಿಗೆ ತೆರೆಯದಿದ್ದರೆ ಅಷ್ಟೇ ಡಿಗ್ರಿಯ ಹೊಸದನ್ನು ಹಾಕಿಸಿ.