ನಿಂತ ಬೇರಿಂಗಿಗೇ ತುಕ್ಕು ಬೇಗ

ಮಲ್ಪೆಯಲ್ಲಿ ಆಗಸ್ಟ್ ಮೊದಲ ವಾರ. ಮೀನುಗಾರಿಕೆಗೆ ಜೂನ್ 1ರಿಂದ ಇದ್ದ 61 ದಿನಗಳ ರಜೆ ಮುಗಿದು, ಬೋಟುಗಳು ಕಡಲಿಗೆ ಇಳಿಯುವ ಗಡಿಬಿಡಿ. ದಕ್ಕೆಯ ಹತ್ತಿರ ಮೆಕ್ಯಾನಿಕ್ ಒಬ್ಬರು ಬಲೆ ಎಳೆಯುವ ವಿಂಚಿನ ಬೇರಿಂಗ್ ಬಿಚ್ಚಿ, ಗ್ರೀಸ್ ಒರೆಸಿ ನನ್ನ ಕೈಗಿಟ್ಟರು. ಒಳಗಿನ ರಿಂಗಿನ ಮೇಲೆ ಕಂದು ಗೆರೆಗಳು. ಸ್ಕೇಲ್ ಇಟ್ಟು ಎಳೆದ ಹಾಗೆ ಒಂದೇ ಅಂತರ. ಉಗುರು ಆಡಿಸಿದರೆ ಸಣ್ಣಗೆ ತಡೆಯುತ್ತಿತ್ತು.

“ಹೊಸತು ಹಾಕಿದ್ರೂ ಬರುವ ವರ್ಷ ಇದೇ ಕಥೆ ಮಾರಾಯ್ರೆ” ಎಂದರು.

ಆ ಅಂತರ ಬೇರಿಂಗಿನ ರಿಂಗುಗಳ ನಡುವೆ ಉರುಳುವ ಉಕ್ಕಿನ ರೋಲರ್‌ಗಳ ನಡುವಿನ ಅಂತರವೇ. ಎರಡು ತಿಂಗಳು ರೋಲರ್‌ಗಳು ನಿಂತಲ್ಲೇ ನಿಂತಿದ್ದವು. ಒಂದೊಂದರ ಬುಡದ ಸಂದಿಯಲ್ಲೂ ಉಪ್ಪುನೀರು ಕೂತಿತ್ತು. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುತ್ತದೆ ಅಲ್ವಾ? ಗಾಳಿಯ ತೇವ ಸುಮಾರು ಶೇ. 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಉಡುಪಿಯ ಮಳೆಗಾಲದಲ್ಲಿ ಅದೇನೂ ದೊಡ್ಡ ಮಾತಲ್ಲ.

ಉಕ್ಕಿಗೂ ತುಕ್ಕು ತಡೆಯುವ ಬಲ ಕಮ್ಮಿ. ಹೆಚ್ಚಿನ ಬೇರಿಂಗ್‌ಗಳ ಉಕ್ಕಿನಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಸುಮಾರು ಶೇ. 1.5 ಮಾತ್ರ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಶೇ. 10.5 ಆದರೂ ಬೇಕು.

ಹಾಗಾದರೆ ಮೇಲೆ ಏನಾದರೂ ಬಳಿದರೆ? ಕಷ್ಟ ಇರುವುದು ಇಲ್ಲೇ. ಬೇರಿಂಗ್ ತಿರುಗುವಾಗ ರೋಲರ್ ಮತ್ತು ರಿಂಗಿನ ನಡುವಿನ ಎಣ್ಣೆಯ ಪದರ ಎಷ್ಟೋ ಸಲ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಕೂಡ ಇರುವುದಿಲ್ಲ. ಭಾರ ಬಿದ್ದಾಗ ಅಲ್ಲಿನ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ 10,000 ಪಟ್ಟಿಗೂ ಜಾಸ್ತಿ. ಪೇಂಟ್ ಆದರೆ ಸುಲಿದು ಬರುತ್ತದೆ. ಲೇಪನ ಕೆಲವೇ ಮೈಕ್ರಾನ್ ದಪ್ಪ ಇರಬೇಕು, ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ಲೇಪಿಸುವಾಗಿನ ಬಿಸಿಯೂ ಮಿತಿಯಲ್ಲಿರಬೇಕು. ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕಿನ ಗಡಸುತನವೇ ಇಳಿಯಲು ಶುರುವಾಗುತ್ತದೆ.

ಅಗ್ಗದ್ದು ಕಪ್ಪು ಆಕ್ಸೈಡ್. ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಮುಳುಗಿಸಿದರೆ ಉಕ್ಕಿನ ಮೈಯೇ ಕಪ್ಪಗಾಗುತ್ತದೆ. ಇದು ನೀರುದೋಸೆಯ ಕಾವಲಿಯ ಹಾಗೆ. ಎಣ್ಣೆ ಹೀರಿ ಹಿಡಿದಿಟ್ಟುಕೊಂಡಷ್ಟು ದಿನ ಕಾಯುತ್ತದೆ, ಎಣ್ಣೆ ಆರಿದರೆ ಅದರ ಬಲ ಕಮ್ಮಿ. ಸತು ಬೇರೆ ಥರ. ಉಕ್ಕಿಗೆ ಬರುವ ತುಕ್ಕನ್ನು ತಾನೇ ಮೈಮೇಲೆ ಎಳೆದುಕೊಳ್ಳುತ್ತದೆ. ಆದರೆ ಮೆತ್ತಗಿನ ಲೋಹ, ರೋಲರ್ ಉರುಳುವ ಜಾಗದಲ್ಲಿ ಬೇಗ ಸವೆಯುತ್ತದೆ. ತೆಳು ಕ್ರೋಮಿಯಂ ಸವೆತಕ್ಕೆ ಜಗ್ಗುವುದಿಲ್ಲ. ಎಲ್ಲೋ ಸೂಜಿಮೊನೆಯಷ್ಟು ತೂತು ಉಳಿಯಿತೋ, ತುಕ್ಕೆಲ್ಲ ಅಲ್ಲೇ ಸೇರಿ ಉಕ್ಕನ್ನು ಆಳಕ್ಕೆ ಕೊರೆಯುತ್ತದೆ. ಈ ತೂತಿನ ಭಯ ನನಗೆ ಸವೆತಕ್ಕಿಂತ ಜಾಸ್ತಿ.

ವಜ್ರದಂಥ ಇಂಗಾಲದ ಲೇಪನವೂ ಇದೆ. ನಿರ್ವಾತದಲ್ಲಿ ಕೂರಿಸುತ್ತಾರೆ. ಎಣ್ಣೆ ಸಾಲದಾದಾಗಲೂ ಲೋಹಕ್ಕೆ ಲೋಹ ಕಚ್ಚದಂತೆ ತಡೆಯುತ್ತದೆ. ಆದರೆ ದುಬಾರಿ. ಬೋಟಿನ ವಿಂಚಿಗೆ ನಾನು ಮೊದಲು ಹೇಳುವುದು ನೀರು ಒಳಗೆ ಹೋಗದಂತೆ ತಡೆಯುವ ಒಳ್ಳೆಯ ಸೀಲ್, ಆಮೇಲೆ ಲೇಪನ.

ಮೇ ಕೊನೆಗೆ ಹಳೆ ಗ್ರೀಸ್ ಹೊರಬರುವವರೆಗೆ ಹೊಸತು ತುಂಬಿಸಿ, ವಾರಕ್ಕೊಮ್ಮೆ ವಿಂಚಿನ ಹಗ್ಗ ಸುತ್ತುವ ಡ್ರಮ್ಮನ್ನು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ ಎಂದೆ. ರೋಲರ್ ಜಾಗ ಬದಲಿಸುತ್ತದೆ, ಗ್ರೀಸ್ ಮತ್ತೆ ಹರಡುತ್ತದೆ. ಅವರು ಆ ಗೆರೆಬಿದ್ದ ರಿಂಗನ್ನು ಎಸೆಯದೆ, ಮಾಲೀಕರಿಗೆ ತೋರಿಸಲು ಎತ್ತಿಟ್ಟುಕೊಂಡರು.