ಓದುಗರ ಪ್ರಶ್ನೆ: ಐಜಿಇ ಜಾಸ್ತಿ ಬಂದರೆ ಅಸ್ತಮಾ ಅಂತಲೇ ಅರ್ಥವಾ?

ಪ್ರಶ್ನೆ: ಮಗನಿಗೆ ಬೆಳಗಾದರೆ ಸಾಕು, ಸೀನು ಶುರು. ರಕ್ತ ಪರೀಕ್ಷೆ ಮಾಡಿಸಿದೆವು. ಟೋಟಲ್ ಐಜಿಇ 640 ಬಂದಿದೆ, 100ರೊಳಗೆ ಇರಬೇಕಂತೆ. ಅವನಿಗೆ ಅಸ್ತಮಾ ಇದೆಯಾ? ಈ ಐಜಿಇ ಅಂದರೆ ಏನು?

ಉತ್ತರ: ಆ ಅಂಕಿ ಒಂದನ್ನೇ ನೋಡಿ ಅಸ್ತಮಾ ಇದೆ ಅಂತ ಹೇಳಲು ಬರುವುದಿಲ್ಲ. ಗಾಬರಿಯಾಗಬೇಡಿ. ಐಜಿಇ ಅಂದರೆ ಅಲರ್ಜಿಯಲ್ಲಿ ಕೆಲಸ ಮಾಡುವ ಒಂದು ಪ್ರತಿಕಾಯ, ಅಂದರೆ ದೇಹ ತನ್ನ ರಕ್ಷಣೆಗೆ ತಯಾರಿಸುವ ಪ್ರೋಟೀನ್. ಯಾಕೆ ಅಂತ ಚೆನ್ನಾಗಿ ಅರ್ಥವಾಗಬೇಕಾದರೆ, ಐಜಿಇಯನ್ನು ಕಂಡುಹಿಡಿದ ಜಪಾನಿನ ಗಂಡ-ಹೆಂಡತಿಯ ಕೆಲಸವನ್ನು ಸ್ವಲ್ಪ ನೋಡಬೇಕು.

ಅದಕ್ಕೂ ಮೊದಲು 1921ರ ಒಂದು ಪ್ರಯೋಗ. ಆಗ ಜರ್ಮನಿಯಲ್ಲಿದ್ದ ಬ್ರೆಸ್ಲೌ ಊರಿನಲ್ಲಿ ಕುಸ್ಟ್‌ನರ್ ಎಂಬ ವೈದ್ಯರಿಗೆ ಮೀನು ಆಗಿಬರುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಸಹೋದ್ಯೋಗಿ ಪ್ರೌಸ್ನಿಟ್ಸ್ ತಮ್ಮ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಸೊಳ್ಳೆ ಕಚ್ಚಿದ ಹಾಗೆ ದದ್ದು ಎದ್ದಿತು. ಪ್ರೌಸ್ನಿಟ್ಸ್‌ಗೆ ಮೀನಿನಿಂದ ಏನೂ ತೊಂದರೆ ಇರಲಿಲ್ಲ. ಅಂದರೆ ಅಲರ್ಜಿ ತರುವ ಯಾವುದೋ ವಸ್ತು ರಕ್ತದಲ್ಲೇ ಇದೆ, ಅಲ್ವಾ? ಅದಕ್ಕೆ ರಿಯಾಜಿನ್ ಅಂತ ಹೆಸರು ಬಂತು. ಆದರೆ ಅದು ಏನು ಎಂಬುದು 45 ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಕಿಮಿಶಿಗೆ ಇಶಿಜಾಕಾ ಟೋಕಿಯೋದವರು, 1925ರಲ್ಲಿ ಹುಟ್ಟಿದವರು. ಹೆಂಡತಿ ತೆರುಕೊ ಯಾಮಾಗಾತಾದವರು. ಇಬ್ಬರೂ ವೈದ್ಯರು, ಇಬ್ಬರೂ ಸಂಶೋಧಕರು. 1962ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿದ್ದ ಮಕ್ಕಳ ಅಸ್ತಮಾ ಸಂಶೋಧನಾ ಸಂಸ್ಥೆಗೆ ಹೋದರು. ರಿಯಾಜಿನ್ ಅಂದರೆ ಐಜಿಎ ಎಂಬ ಪ್ರತಿಕಾಯವೇ ಇರಬೇಕು ಅಂತ ಆಗ ಹಲವರು ನಂಬಿದ್ದರು. ಇಶಿಜಾಕಾ ದಂಪತಿ ರ‍್ಯಾಗ್‌ವೀಡ್ ಎಂಬ ಕಳೆಯ ಪರಾಗ ಆಗಿಬರದವರ ಸೀರಮ್ ತೆಗೆದುಕೊಂಡು, ಅದರಿಂದ ಐಜಿಎಯನ್ನು ಬೇರೆ ಮಾಡಿ ನೋಡಿದರು. ದದ್ದು ಎಬ್ಬಿಸುವ ಶಕ್ತಿ ಹಾಗೇ ಉಳಿದಿತ್ತು! ಆ ಸೀರಮ್ಮಿನಲ್ಲಿ ಹೆಸರಿಲ್ಲದ ಇನ್ನೊಂದು ಪ್ರತಿಕಾಯ ಇತ್ತು.

ಅದನ್ನು ಹಿಡಿಯುವುದು ಕಷ್ಟವಾಗಿದ್ದು ಅದು ತೀರಾ ಕಡಿಮೆ ಇರುವುದರಿಂದ. ರಕ್ತದಲ್ಲಿ ಧಾರಾಳವಾಗಿರುವ ಐಜಿಜಿ ಎಂಬ ಪ್ರತಿಕಾಯದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೂ ಐಜಿಇ ಇರುವುದಿಲ್ಲ. ಅಷ್ಟು ಸಣ್ಣ ಪ್ರಮಾಣವನ್ನು ಅಳೆಯುವ ಯಂತ್ರ ಆಗ ಇರಲಿಲ್ಲ. ಹಾಗಾಗಿ ಇಬ್ಬರೂ ತಮ್ಮ ಬೆನ್ನಿನ ಚರ್ಮವನ್ನೇ ಪರೀಕ್ಷೆಗೆ ಒಡ್ಡಿದರು. ಚುಚ್ಚುವುದು, ಕಾಯುವುದು, ಎದ್ದ ದದ್ದನ್ನು ಅಳೆಯುವುದು. (ಬೇರೆಯವರ ಸೀರಮ್ಮಿನಿಂದ ಸೋಂಕು ತಗಲುವ ಅಪಾಯ ಇರುವುದರಿಂದ ಈಗ ಯಾರೂ ಹೀಗೆ ಮಾಡುವುದಿಲ್ಲ.) 1966ರಲ್ಲಿ ಅವರು ಈ ಹೊಸ ಪ್ರತಿಕಾಯವನ್ನು ಪ್ರಕಟಿಸಿದರು. ಅದೇ ಹೊತ್ತಿಗೆ ಸ್ವೀಡನ್ನಿನ ಉಪ್ಸಲಾದಲ್ಲಿ ಯೊಹಾನ್ಸನ್ ಮತ್ತು ಬೆನ್ನಿಚ್ ಅವರಿಗೂ ಒಬ್ಬ ಕ್ಯಾನ್ಸರ್ ರೋಗಿಯ ರಕ್ತದಲ್ಲಿ ವಿಚಿತ್ರ ಪ್ರೋಟೀನ್ ಸಿಕ್ಕಿತ್ತು. ಎರಡನ್ನೂ ಹೋಲಿಸಿ ನೋಡಿದರೆ ಒಂದೇ! 1968ರಲ್ಲಿ ಅದಕ್ಕೆ ಐಜಿಇ ಎಂದು ಹೆಸರಾಯಿತು. ನಿಮ್ಮ ಕೈಯಲ್ಲಿರುವ ರಿಪೋರ್ಟಿನಂಥ ಪರೀಕ್ಷೆಗಳಿಗೆ ದಾರಿ ತೆರೆದದ್ದು ಸ್ವೀಡನ್ನಿನವರ ಆ ಕೆಲಸ.

ಈಗ ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಭಾಗ, ಇದರಲ್ಲಿ ತೆರುಕೊ ಅವರ ಪಾಲು ದೊಡ್ಡದು. ಐಜಿಇ ಹೋಗಿ ಕೂರುವುದು ಅಲರ್ಜಿ ಎಬ್ಬಿಸುವ ಎರಡು ಬಗೆಯ ಕೋಶಗಳಾದ, ಚರ್ಮ-ಮೂಗಿನಂಥ ಕಡೆ ಇರುವ ಮಾಸ್ಟ್ ಕೋಶ ಮತ್ತು ರಕ್ತದಲ್ಲಿರುವ ಬೇಸೋಫಿಲ್‌ಗಳ ಮೇಲೆ ಅಂತ ಅವರು ತೋರಿಸಿಕೊಟ್ಟರು. ಎಷ್ಟೋ ಕಡೆ ಕಿಮಿಶಿಗೆ ಅವರ ಹೆಸರೊಂದೇ ಬರುತ್ತದೆ, ಅದು ನನಗೆ ಸರಿ ಕಾಣುವುದಿಲ್ಲ. ಐಜಿಇ ರಕ್ತದಲ್ಲಿ ಎರಡು ದಿನಕ್ಕೆ ಅರ್ಧ ಖಾಲಿಯಾಗುತ್ತದೆ. ಚರ್ಮದ ಮಾಸ್ಟ್ ಕೋಶದ ಮೇಲೆ ಕೂತರೆ ವಾರಗಟ್ಟಲೆ ಉಳಿಯುತ್ತದೆ. ಅಲ್ಲಿಗೆ ತನಗೆ ಹೊಂದುವ ಪರಾಗ ಬಂದು ಅಂಟಿದರೆ ಕೋಶ ಒಳಗಿನ ಹಿಸ್ಟಮಿನ್ ಎಂಬ, ತುರಿಕೆ-ಊತ ತರುವ ರಾಸಾಯನಿಕವನ್ನು ಹೊರಹಾಕುತ್ತದೆ. ಮೂಗಿನಲ್ಲಾದರೆ ಸೀನು, ಶ್ವಾಸನಾಳದಲ್ಲಾದರೆ ಉಬ್ಬಸ.

ಹಾಗಾಗಿ ಐಜಿಇ ಎಷ್ಟಿದೆ ಅನ್ನುವುದಕ್ಕಿಂತ, ಯಾವುದರ ವಿರುದ್ಧ ಇದೆ ಅನ್ನುವುದು ಮುಖ್ಯ. ಟೋಟಲ್ ಐಜಿಇ ಅದನ್ನು ಹೇಳುವುದಿಲ್ಲ. ಹೊಟ್ಟೆಯಲ್ಲಿ ಜಂತುಹುಳು ಇದ್ದರೂ, ಎಕ್ಸಿಮಾ ಎಂಬ ಚರ್ಮದ ತುರಿಕೆ ರೋಗ ಇದ್ದರೂ ಅದು ಏರುತ್ತದೆ. ಐಜಿಇ ಸರಿಯಾಗೇ ಇದ್ದು ಅಸ್ತಮಾ ಇರುವವರೂ ಇದ್ದಾರೆ. ಅಸ್ತಮಾ ತಿಳಿಯುವುದು ರೋಗದ ಲಕ್ಷಣ ಕೇಳಿ, ಎದೆ ಪರೀಕ್ಷಿಸಿ, ಮಗು ಊದುವಷ್ಟು ದೊಡ್ಡದಾಗಿದ್ದರೆ ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಶಕ್ತಿ ಅಳೆಯುವ ಪರೀಕ್ಷೆ) ಮಾಡಿ. ಯಾವುದು ಆಗಿಬರುವುದಿಲ್ಲ ಅಂತ ನೋಡಲು ಚರ್ಮಕ್ಕೆ ಚುಚ್ಚಿ ಮಾಡುವ ಪ್ರಿಕ್ ಟೆಸ್ಟ್ ಇದೆ. ಅದಕ್ಕೆ ಕೆಲವು ದಿನ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ.

ಡೆನ್ವರಿನ ರ‍್ಯಾಗ್‌ವೀಡ್ ನಮಗೆ ತೀರಾ ದೂರದ್ದೇನಲ್ಲ. ನಮ್ಮ ಸೈಟು, ರಸ್ತೆ ಬದಿಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ ಅದೇ ಕುಟುಂಬದ್ದು. ಎರಡರ ಪರಾಗಕ್ಕೂ ಒಂದೇ ಐಜಿಇ ಅಂಟಬಲ್ಲದು ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಮನೆ ಸುತ್ತ ಆ ಗಿಡ ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಟೋಟಲ್ ಐಜಿಇ ಅಂಕಿ ನಿಜವಾಗಿ ಕೆಲಸಕ್ಕೆ ಬರುವ ಜಾಗವೂ ಒಂದಿದೆ. 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಒಮಲಿಜುಮಾಬ್ ಇಂಜೆಕ್ಷನ್ನು ಐಜಿಇ ಕೋಶದ ಮೇಲೆ ಕೂರುವ ಮೊದಲೇ ಹಿಡಿದುಬಿಡುತ್ತದೆ. ಅಸ್ತಮಾಕ್ಕೆ ಅದರ ಡೋಸನ್ನು ತೂಕ ಮತ್ತು ಈ ಅಂಕಿ ನೋಡಿಯೇ ಲೆಕ್ಕ ಹಾಕುತ್ತಾರೆ. ಆದರೆ ಅದು ಮಾಮೂಲಿ ಔಷಧಿಗೆ ಬಗ್ಗದ ಅಸ್ತಮಾದವರಿಗೆ. ಬರೀ ಸೀನಿರುವ ನಿಮ್ಮ ಮಗನ ವಿಷಯ ಅಲ್ಲಿಗೆ ಹೋಗುವುದಿಲ್ಲ. ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್ ಅನ್ನುವ ಸದ್ದು, ಆಡುವಾಗ ಏದುಸಿರು ಕಂಡರೆ ಮಾತ್ರ ತಡಮಾಡದೆ ತೋರಿಸಿ.